ಕಾರಣಿಕ ಕೇಳುವ ಪ್ರಜೆ

ದಾವಣಗೆರೆ ನಗರವು ಬೆಳೆಯುತ್ತ ಬೆಳೆಯುತ್ತ ತನ್ನ ಸುತ್ತಣ ಹಳ್ಳಿಗಳನ್ನು ಒಂದೊಂದಾಗಿ ಮಡಿಲಿಗೆ ಹಾಕಿಕೊಂಡಿತು. ಹಾಗೆ ನಗರದೊಳಗಾದ ಹಳ್ಳಿಗಳಲ್ಲಿ ಆನೆಕೊಂಡವೂ ಒಂದು. ಇಂದು ಅದು ಮಹಾನಗರಪಾಲಿಕೆಯ ವ್ಯಾಪ್ತಿಯ ಒಂದು ಬಡಾವಣೆಯೆನಿಸಿದರೂ ಅಲ್ಲಿನ ಚಾಲುಕ್ಯ ಶೈಲಿಯ ಕಲ್ಲಿನ ಈಶ್ವರ ದೇವಾಲಯವನ್ನು ಕಂಡವರಿಗೆ, ದಾವಣಗೆರೆಯು ಸಣ್ಣದೊಂದು ಕೇರಿಯಾಗಿದ್ದ ಕಾಲಕ್ಕೆ ಆನೆಕೊಂಡವೇ ದೊಡ್ಡ ಊರಾಗಿತ್ತೆಂಬ ಹಿರಿಯರ ಮಾತು ಬರಿಯ ಅಭಿಮಾನದ ಮಾತಲ್ಲವೆಂದು ತೋರದೆ ಇರದು. ಊರು ಕರಗಿದರೂ ಊರಿನ ಹಬ್ಬ ಕರಗಿಲ್ಲ. ಶ್ರಾವಣಮಾಸದಲ್ಲಿ ಅಲ್ಲಿ ಬಸವೇಶ್ವರಸ್ವಾಮಿಯ ಕಾರಣಿಕೋತ್ಸವ ನಡೆಯುತ್ತದೆ. ಸೇರಿದ ಜನವೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಕಾರಣಿಕದ ನುಡಿ ಹೊರಬೀಳುತ್ತದೆ. ಮರುಕ್ಷಣವೇ ಅದರ ಅರ್ಥವೇನೆಂಬ ವಾದ ಆರಂಭವಾಗುತ್ತದೆ.

ಕಾರಣಿಕದ ನುಡಿ ಒಗಟಿನಂತಹದು. ಅದರಲ್ಲಿ ಮುಗಿಲಿರುತ್ತದೆ, ಮುತ್ತಿರುತ್ತದೆ, ಹಾವು ಚೇಳುಗಳಿರುತ್ತವೆ. ರೈತನು ಅದನ್ನು ಮಳೆಬೆಳೆಗಳಿಗೆ ಅನ್ವಯಿಸಿಕೊಳ್ಳುತ್ತಾನೆ, ವರ್ತಕನು ಪೇಟೆಯ ಧಾರಣೆಗೆ. ಈಗ ಹಲವು ದಶಕಗಳಿಂದ ಮೂರನೆಯ ಅನ್ವಯವೊಂದು ಬಲವಾಗಿ ಬೇರೂರಿದೆ. ಸರಕಾರ ಉಳಿದೀತೆ, ಉರುಳೀತೆ. ಯಾರು ಗದ್ದುಗೆಗೆ ಬಂದಾರು, ಯಾರು ಇಳಿದಾರು, ಇವುಗಳಿಗೂ ಕಾರಣಿಕವೇ ಉತ್ತರ ಹೇಳಬೇಕಾಗಿದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವಂತೂ ಮರುದಿನದ ಪತ್ರಿಕೆಗಳಲ್ಲಿ ರಾಜಕೀಯ ವಾರ್ತೆಯಾಗಿಯೇ ಅಚ್ಚಾಗುವುದನ್ನು ವಾಚಕರೆಲ್ಲರೂ ಬಲ್ಲರು.

ಕಾರಣಿಕವನ್ನು ಹೀಗಳೆಯುವ ಉದ್ದೇಶ ಈ ಲೇಖನಕ್ಕಿಲ್ಲ. ನಂಬುವವರು ನಂಬಲಿ, ನಂಬದವರು ಬಿಡಲಿ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಮನುಷ್ಯನು ದೈವವನ್ನು ಕೇಳುವುದು ಎಂತಹ ವಿಷಯಗಳನ್ನು? ತನ್ನ ಕೈಯಲ್ಲಿಲ್ಲದವುಗಳನ್ನು. ನಾಳೆ ನಾನು ಹೊಲಕ್ಕೆ ಹೋಗುವೆನೇ ಎಂದು ಯಾವ ರೈತನೂ ಕಾರಣಿಕದಲ್ಲಿ ಕೇಳುವುದಿಲ್ಲ. ಹೋಗುವವನು ತಾನೇ ಎಂಬುದು ಅವನಿಗೆ ಗೊತ್ತು. ಮಳೆ ಬಂದೀತೇ ಎಂದು ಕೇಳುತ್ತಾನೆ, ಏಕೆಂದರೆ ಮಳೆ ಅವನ ಮಾತು ಕೇಳುವುದಿಲ್ಲ. ಹಾಗಾದರೆ ತನ್ನ ಮತದಿಂದಲೇ ಹುಟ್ಟಿದ ಸರಕಾರದ ಆಯುಷ್ಯವನ್ನು ಪ್ರಜೆಯು ಕಾರಣಿಕದಲ್ಲಿ ಕೇಳುತ್ತಾನೆಂದರೆ, ಅದು ತನ್ನಿಂದ ಆದುದೆಂದು ಅವನು ಅಂತರಂಗದಲ್ಲಿ ನಂಬಿಲ್ಲವೆಂದೇ ಅರ್ಥವಲ್ಲವೆ? ಸಭೆಯಲ್ಲಿ ಕೇಳಿದರೆ ಪ್ರಜೆಯೇ ಪ್ರಭುವೆಂದು ಅವನೂ ಹೇಳಿಯಾನು. ಆದರೆ ನಂಬಿಕೆಯೆಂಬುದು ಸಭೆಯಲ್ಲಿ ಹೇಳುವ ಮಾತಲ್ಲ. ಯೋಚಿಸದೆ ಮಾಡುವ ನಡೆ.

ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಮಳೆ ಬಂತು, ಮಳೆ ಹೋಯಿತು ಎನ್ನುವಂತೆಯೇ ನಾವು ಸರಕಾರ ಬಂತು, ಸರಕಾರ ಹೋಯಿತು ಎನ್ನುತ್ತೇವೆ. ಬೀಳುವುದರಲ್ಲಿ ಮಾತ್ರ ಸ್ವಲ್ಪ ಭೇದ. ಮಳೆ ಬಿದ್ದರೆ ಹರ್ಷ, ಸರಕಾರ ಬಿದ್ದರೆ ಹರ್ಷವೋ ವಿಷಾದವೋ ಪಕ್ಷವನ್ನವಲಂಬಿಸಿದೆ! ‘ಸರಕಾರವನ್ನು ಮಾಡಿದೆವು’ ಎಂದು ಹೇಳುವವರು ಶಾಸಕರು. ಮತದಾರನ ಬಾಯಲ್ಲಿ ಆ ಮಾತು ನಾನು ಕೇಳಿಲ್ಲ. ಇನ್ನು ‘ಪ್ರಜೆ’ ಎಂಬ ಪದವನ್ನೇ ನೋಡಿ. ಸಂಸ್ಕೃತದಲ್ಲಿ ಅದಕ್ಕೆ ಸಂತಾನವೆಂಬುದು ಮೊದಲ ಅರ್ಥ. ರಾಜನು ತಂದೆ, ಆಳಿಸಿಕೊಳ್ಳುವವರು ಮಕ್ಕಳು. ಆಂಗ್ಲಭಾಷೆಯಲ್ಲಿ ದೊರೆಗೆ ಅಧೀನನಾದವನಿಗೆ ಒಂದು ಪದವೂ ಗಣರಾಜ್ಯದ ಪಾಲುಗಾರನಿಗೆ ಇನ್ನೊಂದು ಪದವೂ ಇವೆ. ನಾವು ಮಾತ್ರ ಅರಸೊತ್ತಿಗೆಯ ಕಾಲದ ಪದವನ್ನೇ ಗಣರಾಜ್ಯಕ್ಕೂ ತಂದು, ಅದಕ್ಕೆ ಪ್ರಭುತ್ವವನ್ನು ಜೋಡಿಸಿ ‘ಪ್ರಜಾಪ್ರಭುತ್ವ’ವೆಂದೆವು. ಮಗುವೇ ಮನೆಯ ಯಜಮಾನನೆಂದ ಹಾಗಾಯಿತು. ಸಮಾಸವೇನೋ ಸಾಧುವಾಗಿದೆ, ಅದನ್ನು ಬಾಳುವುದು ಸುಲಭವಲ್ಲ.

ಸರಕಾರದ ಕಚೇರಿಗೆ ನಾವು ಬರೆಯುವ ಅರ್ಜಿಗಳ ಭಾಷೆಯನ್ನು ಗಮನಿಸಿದವರಿಗೆ ಇದು ಇನ್ನೂ ಸ್ಪಷ್ಟವಾದೀತು. ಸನ್ನಿಧಾನ, ಕೃಪೆ, ಬೇಡಿಕೊಳ್ಳುವುದು, ದಯಪಾಲಿಸುವುದು ಇವೆಲ್ಲ ದೇವಸ್ಥಾನದ ಗರ್ಭಗುಡಿಯ ಮುಂದಿನ ಮಾತುಗಳು. 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ನೆತ್ತಿಯ ಮೇಲೆ ಸರಕಾರದ ಕೆಲಸ ದೇವರ ಕೆಲಸವೆಂದು ಬರೆಸಲಾಗಿದೆ. ಒಳಗೆ ಕುಳಿತು ಕೆಲಸ ಮಾಡುವವನು ಭಕ್ತಿಯಿಂದ ಮಾಡಲೆಂಬುದೇ ಅದನ್ನು ಬರೆಸಿದವರ ಆಶಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬರಹವಿರುವುದು ಹೊರಗೋಡೆಯಲ್ಲಿ. ಓದುವವನು ಹೊರಗೆ ನಿಂತ ಪ್ರಜೆ. ಅವನು ಅದನ್ನು ತನ್ನ ಅನುಭವಕ್ಕೆ ತಕ್ಕಂತೆ ಓದಿಕೊಂಡನು. ದೇವರ ಕೆಲಸವೆಂದ ಮೇಲೆ ಅದು ಆಗುವುದು ದೇವರ ಚಿತ್ತ ಬಂದಾಗ ತಾನೇ!

ಇದು ಪರರ ಕುರಿತ ಟೀಕೆಯೆಂದು ಯಾರೂ ಭಾವಿಸಬಾರದು. ಕೆಲವು ವರ್ಷಗಳ ಹಿಂದೆ ನನಗೆ ನ್ಯಾಯವಾಗಿ ದೊರೆಯಬೇಕಾಗಿದ್ದ ಒಂದು ದಾಖಲೆಗಾಗಿ ಒಂದು ಕಚೇರಿಗೆ ಐದು ಸಲ ಅಲೆದೆ. ಐದನೆಯ ಸಲ ಗುಮಾಸ್ತರು ಅದನ್ನು ಮುಗುಳ್ನಗೆಯೊಂದಿಗೆ ಕೈಗಿತ್ತಾಗ ನನಗರಿವಿಲ್ಲದೆಯೇ ಎರಡೂ ಕೈ ಜೋಡಿಸಿದೆ. ಕಣ್ಣಲ್ಲಿ ನೀರು ಬಂದಿತ್ತೆಂದರೂ ತಪ್ಪಲ್ಲ. ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ನಾಚಿಕೆಯಾಯಿತು. ನನ್ನದೇ ಆದುದನ್ನು ತಡಮಾಡಿ ಕೊಟ್ಟವರಲ್ಲಿ ನನಗೆ ಕೋಪ ಬರಬೇಕಾಗಿತ್ತು, ಬಂದುದು ಕೃತಜ್ಞತೆ. ಬಹುದಿನ ಒಣಗಿದ ಹೊಲದ ಮೇಲೆ ಹನಿ ಬಿದ್ದಾಗ ರೈತನಿಗಾಗುವ ಭಾವವೇ ಅದು. ಸೇವೆಗಳಿಗೆ ಕಾಲಮಿತಿ ವಿಧಿಸುವ ಕಾಯಿದೆಯನ್ನು ನಮ್ಮ ರಾಜ್ಯವು 2011ರಲ್ಲಿಯೇ ಮಾಡಿ ಮರುವರ್ಷ ‘ಸಕಾಲ’ವೆಂಬ ಹೆಸರಿನಿಂದ ಜಾರಿಗೆ ತಂದಿತು. ತಡವಾದರೆ ಕೇಳುವ ಹಕ್ಕು ನನಗಿತ್ತು. ಹಕ್ಕಿರುವುದು ಪುಸ್ತಕದಲ್ಲಿ, ಕೈ ಜೋಡಿಸುವ ಅಭ್ಯಾಸವಿರುವುದು ರಕ್ತದಲ್ಲಿ.

ಈ ಸ್ವಭಾವವು ಮನುಷ್ಯಮಾತ್ರರಿಗೆಲ್ಲ ಸಹಜವೋ, ಅಥವಾ ನಮ್ಮ ಚರಿತ್ರೆಯಿಂದ ಬಂದುದೋ? ಇದನ್ನರಿಯಲು ನಮಗಿಂತ ತೀರ ಬೇರೆಯಾದ ಒಂದು ದೇಶದ ಕಡೆ ಕಣ್ಣು ಹಾಯಿಸುವುದು ಒಳ್ಳೆಯದು. 1831ರ ಮೇ ತಿಂಗಳಲ್ಲಿ ಅಲೆಕ್ಸಿ ದ ತೋಕ್ವಿಲ್ ಎಂಬ 25 ವರ್ಷದ ಫ್ರೆಂಚ್ ತರುಣನು ಅಮೆರಿಕಕ್ಕೆ ಬಂದಿಳಿದನು. ಸೆರೆಮನೆಗಳನ್ನು ಅಧ್ಯಯನ ಮಾಡುವುದು ಅವನಿಗೆ ಒಪ್ಪಿಸಿದ ಕಾರ್ಯವಾಗಿದ್ದರೂ ಸುಮಾರು ಒಂಬತ್ತು ತಿಂಗಳು ತಿರುಗಾಡಿ ಅವನು ನಿಜವಾಗಿ ನೋಡಿದುದು ಅಲ್ಲಿನ ಜನರ ಮನಸ್ಸನ್ನು. 1835ರಲ್ಲಿಯೂ 1840ರಲ್ಲಿಯೂ ಎರಡು ಭಾಗಗಳಾಗಿ ಹೊರಬಂದ ಅವನ ಗ್ರಂಥವು ಇಂದಿಗೂ ಆ ದೇಶದವರಿಗೆ ಕನ್ನಡಿಯಾಗಿದೆ. ಫ್ರಾನ್ಸಿನಲ್ಲಿ ದಾರಿಗೆ ಅಡ್ಡಿಯೊಂದು ಬಿದ್ದರೆ ಜನ ಅಧಿಕಾರಿಯ ಆಗಮನವನ್ನು ಕಾಯುತ್ತಾರೆ. ಅಮೆರಿಕದಲ್ಲಿ ನೆರೆಯವರು ತಾವೇ ಕೂಡಿ, ಚರ್ಚಿಸಿ, ಅದನ್ನು ತೆಗೆಯುತ್ತಾರೆಂಬುದು ಅವನು ಕಂಡ ಸಂಗತಿಗಳಲ್ಲಿ ಒಂದು. ಅಲ್ಲಿನ ಈಶಾನ್ಯ ಭಾಗದ ವರ್ಮಾಂಟ್ ರಾಜ್ಯದ ಸಣ್ಣ ಊರುಗಳಲ್ಲಿ ಇಂದಿಗೂ ಮಾರ್ಚ್ ತಿಂಗಳ ಮೊದಲನೆಯ ಮಂಗಳವಾರ ಊರಸಭೆ ಸೇರುತ್ತದೆ. ಈ ವರ್ಷ ರಸ್ತೆಗೆಷ್ಟು, ಶಾಲೆಗೆಷ್ಟು, ಹಿಮ ತೆಗೆಯುವ ಯಂತ್ರಕ್ಕೆಷ್ಟು ಎಂಬುದನ್ನು ಕೈಯೆತ್ತಿ ನಿರ್ಧರಿಸುವ ಆ ಜನರಿಗೆ ಸರಕಾರವೆಂಬುದು ತಮ್ಮ ಜೇಬಿನಿಂದ ಹೋದ ಹಣದ ಇನ್ನೊಂದು ಹೆಸರು.

ಇದನ್ನು ಓದಿ ಅಮೆರಿಕವನ್ನು ಕೊಂಡಾಡಿ ಮುಗಿಸಿಬಿಡುವುದು ಸುಲಭ. ಆದರೆ ಸತ್ಯ ಅಷ್ಟು ಸರಳವಲ್ಲ. ಸರಕಾರವನ್ನು ತಾವೇ ನೇಮಿಸಿದ ಸೇವಕನೆಂದು ಬಗೆದವರು ಆ ಸೇವಕನನ್ನು ಸದಾ ಶಂಕೆಯಿಂದಲೇ ನೋಡತೊಡಗಿದರು. 1787ರಲ್ಲಿ ಸಂವಿಧಾನ ರಚಿಸಿದವರೇ ಅಧಿಕಾರವನ್ನು ಮೂರಾಗಿ ಹಂಚಿ ಒಂದರ ಕೈಯಿಂದ ಇನ್ನೊಂದರ ಕೈಯನ್ನು ಕಟ್ಟಿಸಿದ್ದರು. 1958ರ ಸಮೀಕ್ಷೆಯಲ್ಲಿ ಅಲ್ಲಿನ ನೂರರಲ್ಲಿ 73 ಜನ, ತಮ್ಮ ಕೇಂದ್ರ ಸರಕಾರವು ಬಹುತೇಕ ಯಾವಾಗಲೂ ಸರಿಯಾದುದನ್ನೇ ಮಾಡೀತೆಂದು ನಂಬಿದ್ದರು. ವಿಯೆಟ್ನಾಂ ಯುದ್ಧ ನಡೆಯಿತು. ವಾಟರ್‌ಗೇಟ್ ಹಗರಣದಿಂದ 1974ರಲ್ಲಿ ನಿಕ್ಸನ್ ಅಧ್ಯಕ್ಷಪದವಿಗೆ ರಾಜೀನಾಮೆಯಿತ್ತನು. ಆ ದಶಕ ಕಳೆಯುವ ವೇಳೆಗೆ ಹಾಗೆ ನಂಬುವವರು ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಾದರು. 2001ರ ಭಯೋತ್ಪಾದಕ ದಾಳಿಯ ಬಳಿಕ ಕೆಲಕಾಲ ಏರಿದ ನಂಬಿಕೆ ಮತ್ತೆ ಇಳಿದು, 2007ರಿಂದೀಚೆಗೆ ನೂರಕ್ಕೆ ಮೂವತ್ತನ್ನು ದಾಟಿಲ್ಲ.

ಇದಕ್ಕಿಂತ ವಿಚಿತ್ರವಾದುದು ಇನ್ನೊಂದಿದೆ. ಸುಜಾನ್ ಮೆಟ್ಲರ್ ಎಂಬ ರಾಜ್ಯಶಾಸ್ತ್ರಜ್ಞೆಯು 2008ರ ಸಮೀಕ್ಷೆಯೊಂದನ್ನಾಧರಿಸಿ ಬರೆದುದನ್ನು ನೋಡಿದರೆ ನಗುವುದೋ ಮರುಗುವುದೋ ತಿಳಿಯದು. ಸರಕಾರದ ಸಾಮಾಜಿಕ ಯೋಜನೆಯ ಪ್ರಯೋಜನವನ್ನು ನೀವು ಎಂದಾದರೂ ಪಡೆದಿದ್ದೀರಾ ಎಂದು ಕೇಳಲಾಗಿ, ಸರಕಾರದಿಂದ ವೃದ್ಧಾಪ್ಯ ವೇತನ ಪಡೆಯುತ್ತಿದ್ದವರಲ್ಲಿ ನೂರಕ್ಕೆ 44 ಜನರೂ, ವೃದ್ಧರಿಗಾಗಿ ಇರುವ ಸರಕಾರಿ ಆರೋಗ್ಯ ವಿಮೆಯ ಫಲಾನುಭವಿಗಳಲ್ಲಿ ನೂರಕ್ಕೆ 40 ಜನರೂ ‘ಇಲ್ಲ’ವೆಂದರಂತೆ. ಅವರು ಸುಳ್ಳು ಹೇಳಿದವರಲ್ಲ. ತಾವು ಸ್ವಾವಲಂಬಿಗಳೆಂದೂ ಸರಕಾರದ ಹಂಗು ಬೇರೆ ಯಾರಿಗೋ ಇರುವುದೆಂದೂ ಅವರು ಪ್ರಾಮಾಣಿಕವಾಗಿ ನಂಬಿದ್ದರು. ಅಲ್ಲಿ ಸರಕಾರವು ಕೊಡುತ್ತಿದ್ದರೂ ಪ್ರಜೆಗೆ ಕೊಡುವ ಕೈ ಕಾಣದು. ಇಲ್ಲಿ ನಮಗೆ ಕೊಡುವ ಕೈ ಕಾಣುತ್ತದೆ, ಅದರ ಭಾವಚಿತ್ರವೂ ಕಾಣುತ್ತದೆ. ಆ ಕೈಗೆ ದುಡ್ಡು ಹಾಕಿದ ನಮ್ಮದೇ ಕೈ ಕಾಣದು. ಒಂದು ಬೆಂಕಿಪೊಟ್ಟಣ, ಒಂದು ಸೋಪು ಕೊಂಡಾಗಲೂ ಕೂಲಿಕಾರನು ತೆರಿಗೆ ತೆತ್ತಿರುತ್ತಾನೆ. ಅವನಿಗೆ ಅದನ್ನು ಯಾರೂ ಹೇಳಿಲ್ಲ. ಯೋಜನೆಗಳಿಗೆ ನಾವಿಡುವ ಹೆಸರುಗಳನ್ನೇ ಗಮನಿಸಿ. 2006ರ ಭಾಗ್ಯಲಕ್ಷ್ಮಿ, 2013ರ ಅನ್ನಭಾಗ್ಯ. ಬೇರೆ ಬೇರೆ ಪಕ್ಷಗಳು ಆಳಿದರೂ ‘ಭಾಗ್ಯ’ವೆಂಬ ಪದವನ್ನು ಯಾರೂ ಬಿಡಲಿಲ್ಲ. ಭಾಗ್ಯವೆಂದರೆ ಮೇಲಿನಿಂದ ಬರುವಂತಹದು. 2023ರ ಹೊತ್ತಿಗೆ ‘ಗ್ಯಾರಂಟಿ’ ಎಂಬ ಪದ ಬಂತು. ಅದು ಅಂಗಡಿಯ ಮಾತು. ಆಕಾಶದಿಂದ ಅಂಗಡಿಗೆ ಇಳಿದುದು ಪ್ರಗತಿಯೆಂದೇ ಹೇಳಬಹುದಾದರೂ, ಗಿರಾಕಿಯೂ ಅಂಗಡಿಯ ಒಡೆಯನಲ್ಲವಷ್ಟೆ. ಈ ಯೋಜನೆಗಳಿಂದ ಬಡವರ ಒಲೆ ಉರಿದಿದೆಯೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಅವುಗಳ ಹೆಸರಿನ ಬಗ್ಗೆ ಮಾತ್ರ ನನ್ನ ತಕರಾರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸರಕಾರವನ್ನು ಮಳೆಯೆಂದು ಕಾಯುವುದು ನಮ್ಮ ನೆಲದ ಗುಣವೇ? ಅಲ್ಲವೆನ್ನಲು ನಮ್ಮ ಜಿಲ್ಲೆಯಲ್ಲಿಯೇ ಆಧಾರವಿದೆ. ತೋಕ್ವಿಲ್ ಅಮೆರಿಕಕ್ಕೆ ಹೋಗುವ ಹಿಂದಿನ ವರ್ಷ, 1830ರಲ್ಲಿ, ಆಗಿನ ಮೈಸೂರು ಸಂಸ್ಥಾನದ ನಗರ ಸೀಮೆಯ ರೈತರು ತೆರಿಗೆಯ ಹೊರೆಯನ್ನೂ ಅಮಲ್ದಾರರ ಕಿರುಕುಳವನ್ನೂ ತಾಳಲಾರದೆ ಎದ್ದು ನಿಂತರು. ಇಂದು ದಾವಣಗೆರೆ ಜಿಲ್ಲೆಗೆ ಸೇರಿರುವ ಬಸವಾಪಟ್ಟಣ, ಚನ್ನಗಿರಿ, ಹೊನ್ನಾಳಿಗಳ ರೈತರು ಅದರಲ್ಲಿ ಮುಂದಿದ್ದರು. ಅವರು ಮೊದಲಿಗೆ ಆಯುಧ ಹಿಡಿಯಲಿಲ್ಲ. ಊರೂರಿನ ಗೌಡರು, ಪಟೇಲರು, ರೈತರು ಒಂದೆಡೆ ನೆರೆದು ತಮ್ಮ ಅಹವಾಲನ್ನು ಒಕ್ಕೊರಲಿನಿಂದ ಮುಂದಿಟ್ಟರು. ಹಾಗೆ ನೆರೆದುದಕ್ಕೆ ಅವರಿಟ್ಟ ಹೆಸರು ‘ಕೂಟ’. ಎಷ್ಟು ಸರಳವಾದ, ಎಷ್ಟು ತುಂಬಿದ ಮಾತು! ಅದರಲ್ಲಿ ಸನ್ನಿಧಾನವಿಲ್ಲ, ಕೃಪೆಯಿಲ್ಲ. ಕೂಡಿದವರು ಮಾತ್ರ ಇದ್ದಾರೆ. ಮುಂದೆ ಆ ಚಳವಳಿಯು ಕೆಳದಿಯ ಗದ್ದುಗೆಗೆ ಹಕ್ಕು ಸಾಧಿಸಿದ ಬೂದಿ ಬಸವಪ್ಪನ ಬಂಡಾಯದೊಂದಿಗೆ ಬೆರೆತು, ರಕ್ತಪಾತವಾಗಿ, ಸೈನ್ಯದಿಂದ ಅಡಗಿಸಲ್ಪಟ್ಟಿತು. ಇದನ್ನೇ ನೆವಮಾಡಿಕೊಂಡು ಇಂಗ್ಲಿಷರು 1831ರ ಅಕ್ಟೋಬರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಂಡರು. ತೋಕ್ವಿಲ್ ಅಮೆರಿಕನ್ನರ ಸಂಘಶಕ್ತಿಯನ್ನು ಕಂಡು ಬೆರಗಾಗುತ್ತಿದ್ದ ತಿಂಗಳುಗಳಲ್ಲಿಯೇ ನಮ್ಮವರ ಸಂಘಶಕ್ತಿ ಮಣ್ಣುಗೂಡುತ್ತಿತ್ತು. ಅದನ್ನು ಬಂದು ನೋಡಿ ಗ್ರಂಥ ಬರೆಯುವ ತರುಣನೊಬ್ಬನು ನಮಗೆ ದೊರೆಯಲಿಲ್ಲ.

ಐವತ್ತು ವರ್ಷಗಳ ತರುವಾಯ, 1881ರಲ್ಲಿ, ಸಂಸ್ಥಾನವು ಒಡೆಯರಿಗೆ ಮರಳಿದಾಗ ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಭಾರತದ ದೇಶೀಯ ಸಂಸ್ಥಾನಗಳಲ್ಲಿ ಅದು ಮೊದಲಿನದೆಂದು ನಾವು ಹೆಮ್ಮೆಪಡುವುದು ಯುಕ್ತವೇ ಆಗಿದೆ. 144 ಪ್ರತಿನಿಧಿಗಳು ದಸರೆಯ ಕಾಲದಲ್ಲಿ ಮೈಸೂರಿನಲ್ಲಿ ಸೇರಿ, ದಿವಾನರ ಭಾಷಣವನ್ನು ಕೇಳಿ, ತಂತಮ್ಮ ಸೀಮೆಯ ಕುಂದುಕೊರತೆಗಳನ್ನು ನಿವೇದಿಸಿದರು. ಕೇಳುವುದು ದೊಡ್ಡ ಗುಣ. ಅದಕ್ಕೆ ಮುಂಚೆ ಕೇಳುವವರೇ ಇರಲಿಲ್ಲ. ಆದರೆ ನಿರ್ಣಯಿಸುವ ಅಧಿಕಾರ ಆ ಸಭೆಗಿರಲಿಲ್ಲ. ವರ್ಷಕ್ಕೊಮ್ಮೆ ಹಬ್ಬದ ದಿನಗಳಲ್ಲಿ ನೆರೆದು, ಮೇಲಿನಿಂದ ಬರುವ ಮಾತಿಗೆ ಕಿವಿಗೊಟ್ಟು, ಅದರ ಅರ್ಥವನ್ನು ಊರಿಗೊಯ್ದು ಹಂಚುವುದು. ಇದು ಕಾರಣಿಕಕ್ಕಿಂತ ಎಷ್ಟು ದೂರ? ಒಳ್ಳೆಯ ದೊರೆಗಳು, ದಕ್ಷ ದಿವಾನರು ನಮಗೆ ದೊರೆತುದು ನಮ್ಮ ಪುಣ್ಯವೆಂದು ಹಿರಿಯರು ಹೇಳುತ್ತಿದ್ದರು. ನಿಜ. ಆದರೆ ಒಳ್ಳೆಯ ಮಳೆಗಾಲಗಳು ಸಾಲಾಗಿ ಬಂದರೆ ಬಾವಿ ತೋಡುವ ಅಭ್ಯಾಸ ತಪ್ಪಿಹೋಗುತ್ತದೆ.

ನಂಬಿಕೆ ಹೇಗಾದರೂ ಇರಲಿ, ಅದರಿಂದ ಯಾರಿಗೇನು ನಷ್ಟವೆಂದು ಕೇಳಬಹುದು. ನಷ್ಟವನ್ನು ನೋಡಬೇಕಾದರೆ ಭದ್ರಾ ಕಾಲುವೆಯ ಜೊತೆಗೆ ನಡೆದು ಬರಬೇಕು. ಲಕ್ಕವಳ್ಳಿಯ ಬಳಿ ಕಟ್ಟಿದ ಭದ್ರಾ ಜಲಾಶಯದ ಪೂರ್ಣಮಟ್ಟ 186 ಅಡಿ. ಹಿಡಿಯುವ ನೀರು 71.5 ಟಿ.ಎಂ.ಸಿ. ಒಂದು ಲಕ್ಷ ಹೆಕ್ಟೇರಿಗೂ ಮಿಗಿಲಾದ ಅದರ ಅಚ್ಚುಕಟ್ಟಿನ ಬಹುಭಾಗವು ದಾವಣಗೆರೆ ಜಿಲ್ಲೆಯಲ್ಲಿದೆ. ಬೆಳೆಯ ಕ್ರಮವನ್ನು ನಿಗದಿಪಡಿಸಿ, ಕೊನೆಯ ಹೊಲಕ್ಕೂ ನೀರು ಮುಟ್ಟುವಂತೆ ಲೆಕ್ಕ ಹಾಕಿಯೇ ಈ ಕಾಲುವೆಗಳನ್ನು ತೋಡಿದರು. ಆದರೆ ನೀರು ಕಂಡಲ್ಲೆಲ್ಲ ಭತ್ತ ಬಂತು, ಅಡಿಕೆ ಬಂತು. ಮೇಲ್ಭಾಗದಲ್ಲಿ ಕಾಲುವೆಗೆ ಪಂಪುಸೆಟ್ಟುಗಳು ಬಾಯಿ ಹಾಕಿದವು. ಪರಿಣಾಮವಾಗಿ ದಾವಣಗೆರೆ, ಹರಿಹರ ತಾಲ್ಲೂಕುಗಳ ಕೊನೆಭಾಗದ ರೈತನು ಕಾಲುವೆಯಿದ್ದೂ ಮುಗಿಲನ್ನು ನೋಡುತ್ತ ಕೂರಬೇಕಾಯಿತು. 2023ರಲ್ಲಿ ಮಳೆ ಕೈಕೊಟ್ಟು ಕಾಲುವೆಯ ನೀರು ನಿಲ್ಲಿಸುವ ಮಾತು ಬಂದಾಗ ಈ ಭಾಗದ ರೈತರು ಬೀದಿಗಿಳಿದುದು ಎಲ್ಲರ ನೆನಪಿನಲ್ಲಿದೆ. ಮರುವರ್ಷ ಕಾಲುವೆಗಳಿಂದ ಅಕ್ರಮವಾಗಿ ನೀರೆತ್ತುವುದನ್ನು ತಡೆಯಲು ನೀರಾವರಿ ಕಾಯಿದೆಗೆ ತಿದ್ದುಪಡಿಯನ್ನೂ ತರಲಾಯಿತು.

ಕೊನೆಭಾಗದ ರೈತನನ್ನು ಕೇಳಿದರೆ ಅವನು ಸರಕಾರವನ್ನು ಬೈಯುತ್ತಾನೆ. ಬೈಯಲಿ, ಕಾರಣವಿದೆ. ಆದರೆ ಅವನ ಪಾಲಿನ ನೀರನ್ನು ರಾತ್ರಿಯಲ್ಲಿ ಎತ್ತಿದ ಕೈ ಬೆಂಗಳೂರಿನದಲ್ಲ. ಹತ್ತು ಹರದಾರಿ ಆಚೆಯ ಇನ್ನೊಬ್ಬ ರೈತನದು, ಬಹುಶಃ ಬೀಗನದು. ಆ ಇನ್ನೊಬ್ಬನು ಕೆಟ್ಟವನೇ? ಅಲ್ಲ. ನೆರೆಯವನ ಬಾವಿಯಿಂದ ಹೇಳದೆ ಒಂದು ಕೊಡ ನೀರನ್ನು ಅವನು ಸೇದುವವನಲ್ಲ. ಬೇರೆಯವರ ಕಣದ ಒಂದು ಹಿಡಿ ಜೋಳವನ್ನು ಮುಟ್ಟುವವನಲ್ಲ. ಆದರೆ ಕಾಲುವೆಯ ನೀರು ನೆರೆಯವನದಲ್ಲ, ಸರಕಾರದ್ದು! ಇಲ್ಲಿಯೇ ಆ ನಂಬಿಕೆಯ ವಿಷ ಅಡಗಿದೆ. ಸರಕಾರವು ಮಳೆಯಾದರೆ ಅದರಿಂದ ತೆಗೆದುಕೊಂಡುದು ಕಳವಾಗುವುದು ಹೇಗೆ? ಸುರಿಯುವ ಮಳೆಗೆ ಕೊಡವನ್ನೊಡ್ಡಿದವನನ್ನು ಯಾರೂ ಕಳ್ಳನೆನ್ನರು. ಎಷ್ಟು ದೊಡ್ಡ ಕೊಡವನ್ನು ಒಡ್ಡಿದರೆ ಅಷ್ಟು ಜಾಣ. ಸುಳ್ಳು ದಾಖಲೆ ಕೊಟ್ಟು ಬಡವರ ಪಡಿತರ ಚೀಟಿ ಪಡೆದ ಸ್ಥಿತಿವಂತನೂ, ಅರ್ಧ ಕಾಂಕ್ರೀಟು ಹಾಕಿ ಪೂರ್ತಿ ಬಿಲ್ಲು ಪಡೆದ ಗುತ್ತಿಗೆದಾರನೂ ರಾತ್ರಿ ನೆಮ್ಮದಿಯಿಂದ ನಿದ್ರಿಸುವುದು ಇದೇ ತರ್ಕದಿಂದ. ಅವರ ಮನಸ್ಸಾಕ್ಷಿ ಸತ್ತಿಲ್ಲ. ಅದರ ಎಲ್ಲೆ ನೆರೆಯವನ ಬೇಲಿಗೆ ನಿಂತಿದೆ, ಅಷ್ಟೆ. ಸರಕಾರವನ್ನು ಕಳ್ಳ ಸೇವಕನೆಂದು ಬಗೆದ ಅಮೆರಿಕನ್ನನಿಗೂ ತೆರಿಗೆ ತಪ್ಪಿಸಲು ತಕ್ಕ ನೆಪ ಅವನ ನಂಬಿಕೆಯಲ್ಲಿಯೇ ದೊರೆಯುತ್ತದೆ. ದಾರಿ ಬೇರೆ, ಸೇರುವ ಊರು ಒಂದೇ.

ಹಿಂದಿನವರ ಕೆರೆಗಳಲ್ಲಿ ಈ ಮರೆವು ಅಷ್ಟು ಸುಲಭವಾಗಿರಲಿಲ್ಲ. ಕೆರೆ ಕಟ್ಟಿಸಿದವನು ಅರಸನಿರಲಿ ಸೆಟ್ಟಿಯಿರಲಿ, ಅದರ ಹೂಳೆತ್ತುವುದಕ್ಕೂ ಏರಿ ಕಾಯುವುದಕ್ಕೂ ಬಿತ್ತುವಟ್ಟವೆಂದು ಭೂಮಿ ಬಿಡುತ್ತಿದ್ದುದನ್ನು ಶಾಸನಗಳು ಹೇಳುತ್ತವೆ. ನೀರುಗಂಟಿಯು ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದನು. ನೀರು ಕದ್ದವನು ಯಾರದನ್ನು ಕದ್ದನೆಂಬುದು ಊರಿಗೆಲ್ಲ ಗೊತ್ತಾಗುತ್ತಿತ್ತು, ಏಕೆಂದರೆ ಕೆರೆಯ ಏರಿಯ ಮೇಲೆ ನಿಂತರೆ ಎಲ್ಲರ ಗದ್ದೆಯೂ ಕಾಣುತ್ತಿತ್ತು. ಆ ಕಾಲದ ಕ್ರಮವೆಲ್ಲ ನ್ಯಾಯವಾಗಿತ್ತೆಂದು ನಾನು ಹೇಳಲಾರೆ. ಯಾರ ಗದ್ದೆಗೆ ನೀರು, ಯಾರಿಗೆ ಬರಿಯ ಕೂಲಿ ಎಂಬುದನ್ನು ಹುಟ್ಟೇ ನಿರ್ಧರಿಸುತ್ತಿತ್ತು. ಕೆರೆಯ ನೀರನ್ನು ಮುಟ್ಟಲೂ ಕೂಡದವರಿದ್ದರು. ದೂರದ ಸರಕಾರವೊಂದು ಬೇಕಾದುದು ಇಂತಹ ಹತ್ತಿರದ ಅನ್ಯಾಯಗಳನ್ನು ತಿದ್ದುವುದಕ್ಕಾಗಿಯೇ. ಆದರೆ ದೂರವಾದಂತೆ ಅದು ಮುಗಿಲಾಯಿತು. 1983ರ ಪಂಚಾಯತ್ ಕಾಯಿದೆಯ ಹಿಂದಿದ್ದ ಅಬ್ದುಲ್ ನಜೀರ್ ಸಾಬ್ ಅವರು ಅದನ್ನು ಮತ್ತೆ ನೆಲಕ್ಕೆ ತರಲು ಶ್ರಮಿಸಿದರು. ಹಳ್ಳಿಹಳ್ಳಿಗೂ ಕೊಳವೆಬಾವಿ ತೋಡಿಸಿದ್ದರಿಂದ ಜನ ಅವರನ್ನು ‘ನೀರ್ ಸಾಬ್’ ಎಂದು ಪ್ರೀತಿಯಿಂದ ಕರೆದರು. ಅವರು ಕೊಟ್ಟ ಎರಡು ವಸ್ತುಗಳಲ್ಲಿ ನೀರನ್ನು ನೆನೆದ ನಾವು ಅಧಿಕಾರವನ್ನು ಅಷ್ಟಾಗಿ ನೆನೆಯಲಿಲ್ಲ. ಇಂದು ಎಷ್ಟು ಊರುಗಳ ಗ್ರಾಮಸಭೆಗಳಲ್ಲಿ ಸಹಿ ಮಾಡಿದವರ ಸಂಖ್ಯೆಯೂ ಕುಳಿತವರ ಸಂಖ್ಯೆಯೂ ಒಂದೇ ಆಗಿರುತ್ತದೆ?

ಇಷ್ಟು ಹೇಳಿದ ಮೇಲೆ ಆನೆಕೊಂಡದಲ್ಲಿ ನಿಂತು ಕಾರಣಿಕ ಕೇಳುವ ರೈತನ ಪರವಾಗಿಯೂ ಒಂದು ಮಾತನ್ನಾಡದಿದ್ದರೆ ಅನ್ಯಾಯವಾದೀತು. ಅವನ ನಂಬಿಕೆ ಅಜ್ಞಾನದಿಂದ ಹುಟ್ಟಿದುದಲ್ಲ, ಅನುಭವದಿಂದ ಹುಟ್ಟಿದುದು. 2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದ ನೂರು ಮತದಾರರಲ್ಲಿ 73 ಜನ ಮತ ಹಾಕಿದರು. ಅಮೆರಿಕದವರು ಬಹಳ ಹೆಚ್ಚೆಂದು ಕೊಂಡಾಡಿಕೊಂಡ 2020ರ ಚುನಾವಣೆಯಲ್ಲಿ ಅಲ್ಲಿ ಹಾಕಿದವರು ಸುಮಾರು 66. 1985ರ ಬಳಿಕ ಯಾವ ಆಳುವ ಪಕ್ಷವನ್ನೂ ನಮ್ಮ ಮತದಾರರು ವಿಧಾನಸಭಾ ಚುನಾವಣೆಯಲ್ಲಿ ಮತ್ತೆ ಗೆಲ್ಲಿಸಿಲ್ಲ. ತನ್ನ ಕೈಯಲ್ಲಿದ್ದುದನ್ನು ಅವನು ಮಾಡಿಯೇ ಇದ್ದಾನೆ. ಸರಕಾರ ಬದಲಾಯಿತು, ಕಚೇರಿಯ ಕಿಟಕಿ ಬದಲಾಗಲಿಲ್ಲ. ಬೀಜ ಬಿತ್ತಿದವನು ತಾನಾದರೂ ಫಲ ಬರುವುದು ತನ್ನಿಂದಲ್ಲವೆಂದು ಕಂಡವನು ಮುಗಿಲು ನೋಡದೆ ಇನ್ನೇನು ನೋಡಿಯಾನು? ಅವನನ್ನು ಮೂಢನೆಂದು ಜರೆಯುವ ವಿದ್ಯಾವಂತರು ತಮ್ಮ ಕೆಲಸಕ್ಕೆ ಅರ್ಜಿ ಹಿಡಿದು ಹೋಗುವುದಿಲ್ಲ, ದೂರವಾಣಿ ಮಾಡಿಸುತ್ತಾರೆ. ಅದೂ ಕಾರಣಿಕದ ಒಂದು ಬಗೆಯೇ. ಗೊರವಯ್ಯ ಮಾತ್ರ ಬೇರೆ.

ಮಠಗಳ ಮಾತನ್ನೂ ಆಡದೆ ಬಿಡುವಂತಿಲ್ಲ. ನಮ್ಮ ಭಾಗದ ಮಠಗಳು ಸರಕಾರಕ್ಕೆ ಕಾಯದೆ ಶಾಲೆ ಕಟ್ಟಿದವು, ಉಚಿತ ಪ್ರಸಾದನಿಲಯಗಳನ್ನು ನಡೆಸಿದವು. ಸಿರಿಗೆರೆಯ ಸದ್ಧರ್ಮ ನ್ಯಾಯಪೀಠದ ಮುಂದೆ ಸೋಮವಾರ ಬಂದು ನಿಲ್ಲುವ ಜನರಲ್ಲಿ, ನ್ಯಾಯಾಲಯದ ಭಾಷೆ ತಿಳಿಯದೆ ಬೇಸತ್ತವರೂ ತಮ್ಮ ನುಡಿಯಲ್ಲಿ ತಮ್ಮ ಕಥೆ ಹೇಳಿಕೊಳ್ಳಬೇಕೆನ್ನುವವರೂ ಇದ್ದಾರೆ. ಇವೆಲ್ಲ ಕೂಟದ ಸಂಪ್ರದಾಯಕ್ಕೆ ಸೇರಿದವು. ಆದರೆ ಇತ್ತೀಚಿನ ದಶಕಗಳಲ್ಲಿ ಮುಂಗಡಪತ್ರ ಮಂಡನೆಯ ದಿನ ಮಠಗಳೂ ಮುಗಿಲು ನೋಡತೊಡಗಿವೆ. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಭಂಡಾರವನ್ನು ದುರುಪಯೋಗಪಡಿಸಿದರೆಂಬ ಚಾಡಿ ಬಂದಾಗ ಅವರು ಲೆಕ್ಕ ಒಪ್ಪಿಸಿ, ಒಂದು ಹಾಗವೂ ಕಡಿಮೆಯಿಲ್ಲವೆಂದು ತೋರಿಸಿದ ಕಥೆಯನ್ನು ನಾವು ಪುರಾಣಗಳಲ್ಲಿ ಕೇಳಿದ್ದೇವೆ. ಕಥೆಯ ಪವಾಡದ ಅಂಶವನ್ನು ಬಿಟ್ಟರೂ ಉಳಿಯುವ ಸಂಗತಿಯೊಂದಿದೆ. ಅವರಿಗೆ ಭಂಡಾರವು ದೊರೆಯ ಕೃಪೆಯಾಗಿರಲಿಲ್ಲ, ಆಕಾಶದ ಮಳೆಯೂ ಆಗಿರಲಿಲ್ಲ. ಯಾರ್ಯಾರದೋ ಬೆವರು ಅಲ್ಲಿ ಕೂಡಿದೆ, ಅದಕ್ಕೆ ಲೆಕ್ಕವುಂಟು ಎಂಬ ಎಚ್ಚರ ಅವರದಾಗಿತ್ತು. ಸರಕಾರದಿಂದ ಪಡೆದುದಕ್ಕೆ ಹಾಗೆ ಸಭೆಯ ಮುಂದೆ ಲೆಕ್ಕ ಒಪ್ಪಿಸುವ ಮಠವೆಷ್ಟು, ಸಂಘವೆಷ್ಟು, ಊರೆಷ್ಟು?

ಹೋದ ಮಳೆಗಾಲದಲ್ಲಿ ನಮ್ಮ ಬೀದಿಯ ಚರಂಡಿ ಉಕ್ಕಿ ಮನೆಗಳಿಗೆ ನೀರು ನುಗ್ಗಿತು. ವಯಸ್ಸಾದವನು, ನಾಲ್ಕಕ್ಷರ ಬಲ್ಲವನೆಂದು ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ರೂಢಿಯಂತೆ ಸನ್ನಿಧಾನದಿಂದ ಆರಂಭಿಸಿ, ಕೃಪೆಮಾಡಿ ದುರಸ್ತಿ ಮಾಡಿಸಿಕೊಡಬೇಕೆಂದು ಬೇಡಿಕೊಂಡು ಮುಗಿಸಿದೆ. ಸಹಿ ಹಾಕಲು ಬಂದ ನೆರೆಮನೆಯ ಕಾಲೇಜು ಹುಡುಗಿ ಅದನ್ನು ಓದಿ, “ತಾತ, ಇದು ಯಾವ ದೇವರಿಗೆ?” ಎಂದಳು. ಕುಳಿತವರೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ಹಾಳೆಯನ್ನು ಬದಿಗಿಟ್ಟು, ಚರಂಡಿಯ ಉದ್ದವೆಷ್ಟು, ನಾವು ಕಟ್ಟಿದ ಕಂದಾಯವೆಷ್ಟು, ದುರಸ್ತಿ ಯಾವ ದಿನದೊಳಗೆ ಆಗಬೇಕು ಎಂದು ಹೊಸದಾಗಿ ಬರೆಯಲು ಕುಳಿತೆವು. ಚರಂಡಿ ಕಟ್ಟಿಕೊಂಡುದು ಯಾತರಿಂದ ಎಂಬ ಪ್ರಶ್ನೆಯೂ ಆಗಲೇ ಎದ್ದಿತು. ಎರಡು ಮನೆಗಳವರು ಮನೆ ಕಟ್ಟಿಸಿದಾಗ ಉಳಿದ ಜಲ್ಲಿ ಮರಳನ್ನು ಅದಕ್ಕೇ ಸುರಿದಿದ್ದರು. ಆ ಎರಡರಲ್ಲಿ ಒಂದು ನನ್ನ ಮಗನ ಮನೆ. ಆ ಸಾಲನ್ನು ಅರ್ಜಿಯಲ್ಲಿ ಬರೆಯಬೇಕೇ ಬೇಡವೇ ಎಂದು ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ ಬರೆದೆವು. ಮೂವತ್ತು ಮನೆಗಳಲ್ಲಿ ಹನ್ನೊಂದು ಮನೆಯವರು ಸಹಿ ಹಾಕಿದರು. ಜಲ್ಲಿಯನ್ನು ಭಾನುವಾರ ತೆಗೆಸಿದೆವು. ಒಡೆದ ಕಲ್ಲುಚಪ್ಪಡಿಗಳಿಗೆ ಇನ್ನೂ ಉತ್ತರ ಬಂದಿಲ್ಲ.